ತೂಕಕ್ಕೆ ಬಾರದ ಪಾಕೀಟು

ಒಣ ಕಸದ ಒಂದು ಚೀಲವನ್ನು ನೆಲಕ್ಕೆ ಸುರಿದರೆ ಅದರಲ್ಲಿ ಯಾವುದು ಮಾರಾಟವಾಗುತ್ತದೆ, ಯಾವುದು ಆಗುವುದಿಲ್ಲ ಎಂಬುದು ಗುಜರಿಯವರಿಗೆ ನೋಡುನೋಡುತ್ತಲೇ ತಿಳಿಯುತ್ತದೆ. ಹಾಲಿನ ಪಾಕೀಟು ಒಂದು ಕಡೆ, ನೀರಿನ ಬಾಟಲಿ ಇನ್ನೊಂದು ಕಡೆ, ರಟ್ಟು ಮತ್ತೊಂದು ಕಡೆ. ಕೊನೆಗೆ ನಡುವೆ ಒಂದು ರಾಶಿ ಉಳಿಯುತ್ತದೆ: ಚಿಪ್ಸಿನ ಪಾಕೀಟು, ಶಾಂಪೂ ಚೀಟಿ, ಪಾನ್ ಮಸಾಲೆ ಚೀಟಿ, ಬಿಸ್ಕೀಟಿನ ಹೊದಿಕೆ. ಬೆಳಗಾವಿ ಕಡೆ ಇದನ್ನು ತೋರಿಸಿ ಕೇಳಿದರೆ “ಅದಕ್ಕ ಭಾವ ಇಲ್ಲರೀ” ಎಂದು ಕಾಲಿಂದಲೇ ಪಕ್ಕಕ್ಕೆ ಸರಿಸುತ್ತಾರೆ. ಪ್ಯಾಕಿಂಗ್ ಬಗ್ಗೆ ಇದಕ್ಕಿಂತ ಚುಟುಕಾದ, ಇದಕ್ಕಿಂತ ಖಚಿತವಾದ ವಿಮರ್ಶೆಯನ್ನು ನಾನು ಎಲ್ಲೂ ಓದಿಲ್ಲ. ಆದರೆ ಈ ಮಾತು ಆ ಪಾಕೀಟು ಮಾಡಿದವನ ಕಿವಿಗೆ ಬೀಳುವುದೇ ಇಲ್ಲ. ಪರಿಸರಸ್ನೇಹಿ ಪ್ಯಾಕಿಂಗ್ ಕುರಿತು ನಮ್ಮಲ್ಲಿ ನಡೆದಿರುವ ಕೆಲಸವನ್ನೆಲ್ಲ ನಾನು ಈ ಒಂದು ಲೆಕ್ಕದಿಂದ ನೋಡುತ್ತೇನೆ: ಕಸ ಬೇರ್ಪಡಿಸುವವರ ತೀರ್ಪು ಕಾರ್ಖಾನೆಯ ತನಕ ಹೋಗುತ್ತದೆಯೋ, ನಡುವೆಯೇ ಇಂಗಿ ಹೋಗುತ್ತದೆಯೋ?

ಬೀಡಿಯಂಥ ಊರನ್ನು ಇಟ್ಟುಕೊಂಡು ನೋಡೋಣ. ಖಾನಾಪುರ ತಾಲೂಕಿನ ಪೂರ್ವದ ಸೆರಗಿನಲ್ಲಿರುವ ಹೋಬಳಿಯ ಊರು. ಪಶ್ಚಿಮಕ್ಕೆ ಕಣಕುಂಬಿಯ ಕಾಡು, ಮಳೆ, ಮಲಪ್ರಭೆಯ ಉಗಮ. ಪೂರ್ವಕ್ಕೆ ಕಿತ್ತೂರಿನ ಬಯಲು. ಸುತ್ತಲ ಹಳ್ಳಿಯವರು ಪೇಟೆಗೆಂದು ಬರುವ ಇಂಥ ಊರುಗಳಲ್ಲಿ ಕಿರಾಣಿ ಅಂಗಡಿಯ ಮುಂದೆ ತೋರಣದಂತೆ ತೂಗುವ ಐದು ರೂಪಾಯಿಯ ಪಾಕೀಟುಗಳೇ ಕಸದ ಮೂಲ. ಅವು ಹರಿದ ಮೇಲೆ ಗಟಾರ ಸೇರುತ್ತವೆ, ಮಳೆಗಾಲದಲ್ಲಿ ಹಳ್ಳ ಸೇರುತ್ತವೆ. ಈ ಭಾಗದ ನೀರು ಮಲಪ್ರಭೆಗೆ ಹೋಗುತ್ತದೆ, ಮಲಪ್ರಭೆಯ ನೀರು ನವಿಲುತೀರ್ಥದ ಜಲಾಶಯಕ್ಕೆ. ಹುಬ್ಬಳ್ಳಿ-ಧಾರವಾಡದವರು ಕುಡಿಯುವುದು ಅದನ್ನೇ. ಹಾಗಾಗಿ ಇದು ಬರೀ ಹಳ್ಳಿಯ ಅಂದಚಂದದ ಪ್ರಶ್ನೆಯಲ್ಲ.

ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗಳ ಕಸದ ಘಟಕಕ್ಕೆ ‘ಸ್ವಚ್ಛ ಸಂಕೀರ್ಣ’ ಎಂದು ಹೆಸರು. ಗಾಡಿಗೆ ‘ಸ್ವಚ್ಛ ವಾಹಿನಿ’. ಸಂಜೀವಿನಿ ಒಕ್ಕೂಟದ ಮಹಿಳೆಯರು ಗಾಡಿ ಓಡಿಸುತ್ತಾರೆ, ಮನೆಮನೆಯಿಂದ ಕಸ ತರುತ್ತಾರೆ, ಬೇರ್ಪಡಿಸುತ್ತಾರೆ. ಇಲ್ಲಿ ಸಣ್ಣ ಕಸದ ಕಂಪನಿ ಎಂದು ಹೇಳುವಾಗ ನನ್ನ ಕಣ್ಣ ಮುಂದೆ ಬರುವುದು ಈ ಒಕ್ಕೂಟಗಳು, ಅವುಗಳ ಮಾಲು ಎತ್ತುವ ತಾಲೂಕು ಮಟ್ಟದ ಗುಜರಿ ವ್ಯಾಪಾರಿಗಳು, ಮತ್ತು ಎಂಟು-ಹತ್ತು ಜನ ಇಟ್ಟುಕೊಂಡು ಮಾಲನ್ನು ಒತ್ತಿ ಬೇಲ್ ಕಟ್ಟಿಸುವ ಸಣ್ಣ ಉದ್ದಿಮೆದಾರರು. ಇವರ ಕಷ್ಟ ದೊಡ್ಡದು. ಪ್ಲಾಸ್ಟಿಕ್ ಹಾಳೆ ಹಗುರ. ಬೇಲ್ ಮಾಡದೆ ಬೀಡಿಯಿಂದ ಬೆಳಗಾವಿಗೆ ಸಾಗಿಸಿದರೆ ಟೆಂಪೋದಲ್ಲಿ ಹೋಗುವುದು ಬಹುಪಾಲು ಗಾಳಿ. ಬೇಲ್ ಯಂತ್ರ ತರಬೇಕಾದರೆ ಮಾಲು ಸಾಕಷ್ಟು ಬರಬೇಕು. ಒಂದು ಪಂಚಾಯಿತಿಯಲ್ಲಿ ಅಷ್ಟು ಬರುವುದಿಲ್ಲ. ಉಡುಪಿ ಜಿಲ್ಲೆಯ ನಿಟ್ಟೆಯಲ್ಲಿ ಹತ್ತಾರು ಪಂಚಾಯಿತಿಗಳ ಒಣ ಕಸವನ್ನು ಒಂದೆಡೆ ತರುವ, ದಿನಕ್ಕೆ 10 ಟನ್ ಸಾಮರ್ಥ್ಯದ ಕೇಂದ್ರ ಮಾಡಿದ್ದು ಇದಕ್ಕೇ. ಒಳ್ಳೆಯ ಮಾದರಿ, ನಿಜ. ಆದರೆ ನಿಟ್ಟೆಯ ಬೆಲ್ಟಿನ ಮೇಲೆ ಸರಿದುಹೋಗುವ ಚಿಪ್ಸ್ ಪಾಕೀಟು, ಅಲ್ಲಿಗೆ ಬಂದ ಕಾರಣಕ್ಕೆ ಮುಂದಿನ ವರ್ಷ ಬೇರೆ ರೀತಿಯ ಪಾಕೀಟಾಗುತ್ತದೆಯೇ? ಆಗುವುದಿಲ್ಲ. ಕಸ ಸಂಗ್ರಹ ಒಂದು ಕೆಲಸ, ಪ್ಯಾಕಿಂಗ್ ಬದಲಿಸುವುದು ಇನ್ನೊಂದು. ಮೊದಲನೆಯದು ಸರಿಯಾಗಿ ನಡೆದರೆ ಎರಡನೆಯದು ತಾನಾಗಿ ಆಗುತ್ತದೆ ಎಂಬ ನಂಬಿಕೆಯ ಮೇಲೆ ನಮ್ಮ ಇಡೀ ವ್ಯವಸ್ಥೆ ನಿಂತಿದೆ.

ಈ ನಂಬಿಕೆಗೆ ಕಾನೂನಿನ ಹೆಸರು ಇಪಿಆರ್, ಅಂದರೆ ಉತ್ಪಾದಕರ ವಿಸ್ತರಿತ ಹೊಣೆಗಾರಿಕೆ. ಮಾರುಕಟ್ಟೆಗೆ ಎಷ್ಟು ಪ್ಲಾಸ್ಟಿಕ್ ಬಿಟ್ಟಿರೋ ಅದಕ್ಕೆ ತಕ್ಕಷ್ಟನ್ನು ವಾಪಸು ತೆಗೆದುಕೊಂಡು ಸಂಸ್ಕರಿಸಿದ್ದಕ್ಕೆ ಲೆಕ್ಕ ಕೊಡಿ ಎನ್ನುವ ನಿಯಮ. 2022ರ ಫೆಬ್ರವರಿ 16ರಂದು ಕೇಂದ್ರ ಸರ್ಕಾರ ಇದರ ಮಾರ್ಗಸೂಚಿ ಹೊರಡಿಸಿತು. ಗಟ್ಟಿ ಪ್ಲಾಸ್ಟಿಕ್ಕು, ತೆಳು ಹಾಳೆ, ಬಹುಪದರ (ಚಿಪ್ಸಿನ ಪಾಕೀಟಿನಂಥದು), ಮಣ್ಣಲ್ಲಿ ಕರಗುವ ಪ್ಲಾಸ್ಟಿಕ್ಕು ಎಂದು ನಾಲ್ಕು ವರ್ಗ ಮಾಡಿತು. ಗುರಿ ಮುಟ್ಟಿದ್ದಕ್ಕೆ ಸಾಕ್ಷಿ ಪ್ರಮಾಣಪತ್ರ. ಕಂಪನಿಗಳು ಅದನ್ನು ದುಡ್ಡು ಕೊಟ್ಟು ಕೊಳ್ಳಬಹುದು. ಇಷ್ಟರವರೆಗೆ ಸರಿ. ಆದರೆ ಪ್ರಮಾಣಪತ್ರ ಕೊಡುವ ಅಧಿಕಾರ ಇರುವುದು ನೋಂದಾಯಿತ ಸಂಸ್ಕರಣಾ ಘಟಕಕ್ಕೆ ಮಾತ್ರ, ಅಂದರೆ ಕರಗಿಸಿ ದಾಣಾ (ಪ್ಲಾಸ್ಟಿಕ್ ಕಾಳು) ಮಾಡುವವರಿಗೆ ಅಥವಾ ಸುಡುವವರಿಗೆ. ಮನೆಯಿಂದ ತಂದವರು, ಬೇರ್ಪಡಿಸಿದವರು, ಬೇಲ್ ಕಟ್ಟಿದವರು ಈ ಪ್ರಮಾಣಪತ್ರಗಳ ಪೋರ್ಟಲ್ಲಿನ ಹೊರಗೆ. ಅವರಿಗೆ ಸಿಗುವುದು ಕಿಲೊ ಲೆಕ್ಕದ ದುಡ್ಡು. ಪ್ರಮಾಣಪತ್ರದ ಮೇಲೆ ಬರೆದಿರುವುದು ಟನ್ನು ಮತ್ತು ವರ್ಗ; ಯಾವ ಪಾಕೀಟು ಕಾಡಿತು, ಯಾಕೆ ಕಾಡಿತು ಎಂಬ ಒಂದು ಸಾಲಿಗೂ ಅದರಲ್ಲಿ ಜಾಗವಿಲ್ಲ. ತೂಕವನ್ನಷ್ಟೇ ಕೊಂಡರೆ ಏನಾಗುತ್ತದೆ ಎಂಬುದಕ್ಕೆ ಬಹಳ ಕಾಯಬೇಕಾಗಲಿಲ್ಲ. ಮಾರ್ಗಸೂಚಿ ಬಂದ ಮಾರನೆಯ ವರ್ಷವೇ ಲಕ್ಷಗಟ್ಟಲೆ ನಕಲಿ ಪ್ರಮಾಣಪತ್ರಗಳನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಪತ್ತೆ ಹಚ್ಚಿತು. ಅವುಗಳಲ್ಲಿ ಕರ್ನಾಟಕದ ಪಾಲೂ ಇತ್ತು.

ಇದಕ್ಕಿಂತ ಹಳೆಯದಾದ, ಇದಕ್ಕಿಂತ ಆಳವಾದ ಒಂದು ಗಾಯವಿದೆ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮ ‘ಮರುಬಳಕೆ ಮಾಡಲಾಗದ ಬಹುಪದರದ ಪ್ಲಾಸ್ಟಿಕ್’ ಎರಡು ವರ್ಷದೊಳಗೆ ಹಂತಹಂತವಾಗಿ ನಿಲ್ಲಬೇಕು ಎಂದಿತ್ತು. ಗುಜರಿಯವರ ತೀರ್ಪನ್ನೇ ಕಾನೂನು ಒಪ್ಪಿಕೊಂಡಂತಿತ್ತು. ಎರಡು ವರ್ಷ ತುಂಬುವ ಹೊತ್ತಿಗೆ, 2018ರ ಮಾರ್ಚಿನಲ್ಲಿ, ತಿದ್ದುಪಡಿ ಬಂತು: ಮರುಬಳಕೆ ಆಗದಿದ್ದರೂ ಅದರಿಂದ ಶಕ್ತಿ ಪಡೆಯಲು ಆಗುವಂತಿದ್ದರೆ ಅಥವಾ ಬೇರೆ ಯಾವುದಾದರೂ ಉಪಯೋಗವಿದ್ದರೆ ಇರಲಿ. ಸಿಮೆಂಟ್ ಕಾರ್ಖಾನೆಯ ಗೂಡಿನಲ್ಲಿ ಯಾವ ಪ್ಲಾಸ್ಟಿಕ್ಕೂ ಉರಿಯುತ್ತದೆ. ಅಲ್ಲಿಗೆ ಬಹುಪದರದ ಪಾಕೀಟಿಗೆ ಜೀವದಾನವಾಯಿತು. ಸುಣ್ಣದಕಲ್ಲಿನ ನಾಡಾದ ಉತ್ತರ ಕರ್ನಾಟಕದಲ್ಲಿ ಸಿಮೆಂಟ್ ಗೂಡುಗಳಿಗೇನು ಕೊರತೆ? ಹೊಳೆಗೆ ಹೋಗುವ ಬದಲು ಗೂಡಿಗೆ ಹೋಗುವುದು ವಾಸಿ, ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಗೂಡು ಇರುವತನಕ ಪಾಕೀಟು ಬದಲಿಸಲು ಕಂಪನಿಗೆ ಕಾರಣವೇ ಇಲ್ಲ. ಸಣ್ಣ ಕಸದ ಕಂಪನಿಯೂ ಇಲ್ಲಿ ಪಾಲುದಾರ. ಭಾವ ಇಲ್ಲದ ಮಾಲನ್ನು ಗೂಡಿಗೆ ಸಾಗಿಸುವ ಬಾಡಿಗೆ ಸಿಕ್ಕಿದರೆ ಸಾಕು ಎಂದು ಅದು ಸುಮ್ಮನಾದ ದಿನವೇ ಅದರ ಬಾಯಿ ಕಟ್ಟಿಹೋಗುತ್ತದೆ.

ಬೇರ್ಪಡಿಸುವವರಿಗೆ ಗೊತ್ತಿರುವುದು ಏನು ಎಂಬುದನ್ನು ತುಸು ಹತ್ತಿರದಿಂದ ನೋಡಬೇಕು. ನೀರಿನ ಬಾಟಲಿ ಪೆಟ್, ಒಳ್ಳೆಯ ಮಾಲು. ಅದರ ಮೈಗೆ ಪಿವಿಸಿಯ ಬಿಗಿ ಲೇಬಲ್ ಸುತ್ತಿದ್ದರೆ ಕೆಟ್ಟ ಮಾಲು, ಏಕೆಂದರೆ ಒಂದಿಷ್ಟು ಪಿವಿಸಿ ಸೇರಿದರೂ ಕರಗಿಸಿದ ಪೆಟ್ ಹಳದಿಗಟ್ಟಿ ದುರ್ಬಲವಾಗುತ್ತದೆ. ಬಣ್ಣವಿಲ್ಲದ ಬಾಟಲಿಗೆ ಒಂದು ದರ, ಹಸಿರು ಬಾಟಲಿಗೆ ಕಡಿಮೆ, ಕಪ್ಪಿಗೆ ಕೇಳುವವರಿಲ್ಲ. ಕೈತೊಳೆಯುವ ಸೋಪಿನ ಬಾಟಲಿ ಚೆನ್ನಾಗಿಯೇ ಇರುತ್ತದೆ, ಅದರ ಒತ್ತುವ ಪಂಪಿನೊಳಗೆ ಉಕ್ಕಿನ ಸ್ಪ್ರಿಂಗ್ ಇರುತ್ತದೆ. ಕಿತ್ತು ತೆಗೆಯಲು ಹೋಗುವ ಹೊತ್ತಿನ ಕೂಲಿ ಬಾಟಲಿಯ ಬೆಲೆಗಿಂತ ಹೆಚ್ಚು. ಹಾಲಿನ ಪಾಕೀಟು ಎಲ್‌ಡಿ ಹಾಳೆ, ತೊಳೆದು ಒಣಗಿಸಿದ್ದರೆ ಖುಷಿಯಿಂದ ಕೊಳ್ಳುತ್ತಾರೆ. ಆದರೆ ಅದರ ತುಂಬ ಶಾಯಿ ಇದ್ದಷ್ಟೂ ದಾಣಾ ಕಪ್ಪಾಗುತ್ತದೆ, ಕಪ್ಪು ದಾಣಾ ಪೈಪಿಗೂ ಕಸದ ಚೀಲಕ್ಕೂ ಬಿಟ್ಟರೆ ಬೇರೆಲ್ಲಿಗೂ ಹೋಗದು. ಆ ಪಾಕೀಟಿನಿಂದ ಹೆಣ್ಣುಮಕ್ಕಳು ಕತ್ತರಿಸಿ ಒಗೆಯುವ ಮೂಲೆಯ ಚೂರು ಇದೆಯಲ್ಲ, ಉಗುರಿನಷ್ಟು, ಅದನ್ನು ಯಾವ ಪೊರಕೆಯೂ ಹಿಡಿಯುವುದಿಲ್ಲ. ಇನ್ನು ಒಂದು ರೂಪಾಯಿಯ ಶಾಂಪೂ ಚೀಟಿ ಒಂದು ಗ್ರಾಮಿನ ಆಚೀಚೆ ತೂಗುತ್ತದೆ. ಒಂದು ಕಿಲೊ ಆಗಬೇಕಾದರೆ ಸಾವಿರ ಸಲ ಬಗ್ಗಬೇಕು. ಸಾವಿರ ಸಲ ಬಗ್ಗಿದ ಮೇಲೂ ಭಾವ ಇಲ್ಲ.

ಇವೆಲ್ಲ ಪ್ಯಾಕಿಂಗ್ ವಿನ್ಯಾಸದ ಪಾಠಗಳೇ. ಜಪಾನಿನ ಬಾಟಲಿ ತಯಾರಕರು 1992ರಲ್ಲೇ ತಮ್ಮತಮ್ಮಲ್ಲಿ ಮಾರ್ಗಸೂಚಿ ಮಾಡಿಕೊಂಡರು, 2001ರಲ್ಲಿ ಬಣ್ಣದ ಪೆಟ್ ಬಾಟಲಿಯನ್ನೇ ಬಿಟ್ಟರು. ಅಮೆರಿಕದಲ್ಲಿ ಸ್ಪ್ರೈಟ್ ತನ್ನ ಹಸಿರು ಬಾಟಲಿಯನ್ನು ಬಣ್ಣವಿಲ್ಲದ್ದಾಗಿ ಮಾಡಿದ್ದು 2022ರಲ್ಲಿ. ಹಸಿರು ಬಾಟಲಿ ಮತ್ತೆ ಬಾಟಲಿಯಾಗುವುದು ಕಷ್ಟ, ಜಮಖಾನೆಯೋ ಬಟ್ಟೆಯೋ ಆಗುತ್ತದೆ ಅಷ್ಟೆ ಎಂಬುದು ಕಾರಣ. ನಮ್ಮ ಗುಜರಿ ಅಂಗಡಿಯ ಕಪ್ಪುಹಲಗೆಯ ಮೇಲೆ ಎರಡು ಬೇರೆ ಬೇರೆ ದರ ಬರೆದಾಗಲೆಲ್ಲ ಇದೇ ಮಾತು ಹೇಳಿದಂತೆ.

ಹೇಳಿದ್ದು ಮೇಲಿನವರಿಗೆ ಮುಟ್ಟಿದ ಉದಾಹರಣೆಗಳು ಇಲ್ಲವೆಂದಲ್ಲ. ಬೆಳಗಾವಿಯ ಮೇಲೆ ಹಾಯುವ ಹೆದ್ದಾರಿಯಲ್ಲೇ ಉತ್ತರಕ್ಕೆ ಹೋದರೆ ಪುಣೆ. ಅಲ್ಲಿ ಕಸ ಆಯುವವರದೇ ಸಹಕಾರ ಸಂಘವಾದ ‘ಸ್ವಚ್ಛ್’ 2013ರಲ್ಲಿ ಬಳಸಿದ ಸ್ಯಾನಿಟರಿ ಪ್ಯಾಡುಗಳನ್ನು ಚೀಲದಲ್ಲಿ ಕಟ್ಟಿ ತಯಾರಕ ಕಂಪನಿಗಳಿಗೇ ವಾಪಸು ಕಳಿಸಿತು. ಬರಿಗೈಯಲ್ಲಿ ಅದನ್ನು ಬಿಡಿಸುವ ಹೆಂಗಸರ ಸಿಟ್ಟು ಅದರಲ್ಲಿತ್ತು. ಮೂರು ವರ್ಷದ ಮೇಲೆ ಬಂದ 2016ರ ಘನತ್ಯಾಜ್ಯ ನಿಯಮದಲ್ಲಿ, ಪ್ರತಿ ಪ್ಯಾಡಿನ ಜೊತೆ ಅದನ್ನು ಸುತ್ತಿ ಎಸೆಯಲು ಕಂಪನಿಯೇ ಹೊದಿಕೆ ಕೊಡಬೇಕು ಎಂಬ ಮಾತು ಸೇರಿತು. ಬಂಡಲ್ ಕಟ್ಟಿ ಕಳಿಸುವುದರಲ್ಲಿ ನಾಟಕೀಯತೆ ಇದೆ, ಒಪ್ಪುತ್ತೇನೆ. ಆದರೆ ಅದರಲ್ಲಿ ಕಂಪನಿಯ ಹೆಸರಿತ್ತು, ದೂರು ಏನೆಂಬುದು ಸ್ಪಷ್ಟವಿತ್ತು, ಕೇಳಿದ್ದು ಒಂದೇ ಬದಲಾವಣೆ. ತೂತುಕುಡಿಯ ಶಾಲೆಯ ಹುಡುಗಿಯರು 2018ರಲ್ಲಿ ತಾವು ತಿಂದ ಬಿಸ್ಕೀಟಿನ ಹೊದಿಕೆಗಳನ್ನು ಕೂಡಿಸಿ ಕಂಪನಿಗಳಿಗೆ ಪತ್ರದ ಸಮೇತ ಕಳಿಸಿದ್ದೂ ಇದೇ ಜಾಡು.

ಇನ್ನೊಂದು ಬಗೆಯ ಉದಾಹರಣೆ ಬೆಂಗಳೂರಿನದು. ‘ಹಸಿರು ದಳ’ದ ಜೊತೆಗಿರುವ ಕಸ ಆಯುವವರು ಕೂಡಿಸಿದ ಪ್ಲಾಸ್ಟಿಕ್ಕನ್ನು ‘ಪ್ಲಾಸ್ಟಿಕ್ಸ್ ಫಾರ್ ಚೇಂಜ್’ ಎಂಬ ಸಂಸ್ಥೆಯ ಮೂಲಕ ‘ದಿ ಬಾಡಿ ಶಾಪ್’ 2019ರಲ್ಲಿ ಕೊಳ್ಳತೊಡಗಿತು. ಮೊದಲ ವರ್ಷದ ಗುರಿ 250 ಟನ್. ಶಾಂಪೂ ಬಾಟಲಿಗಳಲ್ಲಿ ಅದು ಸೇರಿತು. ಇಲ್ಲಿ ಕಸದವರು ದೂರು ಕೊಡಲಿಲ್ಲ, ಮಾಲು ಕೊಟ್ಟರು. ಬಾಟಲಿ ಮಾಡುವವನು ದಾಣಾದ ಬಣ್ಣ, ವಾಸನೆ, ಶುದ್ಧತೆ ಕೇಳಲೇಬೇಕು. ಕೇಳಿದ ಮೇಲೆ ತಾನೇ ಬಿಡುವ ಬಾಟಲಿ ಹೇಗಿರಬೇಕು ಎಂದೂ ಯೋಚಿಸಬೇಕು. ಇದೇ ಸರಿಯಾದ ದಾರಿ ಎಂದು ನನಗನಿಸುತ್ತದೆ. ಆದರೆ ಒಬ್ಬ ದೊಡ್ಡ ಗಿರಾಕಿಯನ್ನು ನೆಚ್ಚಿಕೊಂಡ ದಾರಿ. 2024ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಬಾಡಿ ಶಾಪ್ ಸಾಲದಲ್ಲಿ ಮುಳುಗಿ ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಲಂಡನ್ನಿನ ಲೆಕ್ಕಪುಸ್ತಕದಲ್ಲಿ ಏರುಪೇರಾದರೆ ಬೆಂಗಳೂರಿನ ವಾರ್ಡಿನಲ್ಲಿ ಚೀಲ ಹೊತ್ತವಳ ದರ ಅಲುಗುತ್ತದೆ ಎಂದರೆ ಆ ವ್ಯವಸ್ಥೆ ಇನ್ನೂ ಬೇರು ಬಿಟ್ಟಿಲ್ಲ. ಈಗ ಇಪಿಆರ್ ನಿಯಮವೇ ಹೊಸ ಪ್ಯಾಕಿಂಗಿನಲ್ಲಿ ಹಳೆ ಪ್ಲಾಸ್ಟಿಕ್ ಇಂತಿಷ್ಟು ಇರಲೇಬೇಕು ಎನ್ನುತ್ತದೆ: 2025-26ರಲ್ಲಿ ಗಟ್ಟಿ ಪ್ಲಾಸ್ಟಿಕ್ಕಿಗೆ ನೂರಕ್ಕೆ 30, ತೆಳು ಹಾಳೆಗೆ 10, ಬಹುಪದರಕ್ಕೆ 5. ಮುಂದೆ ಇದು ಏರುತ್ತ ಹೋಗಬೇಕು. ಪ್ರಮಾಣಪತ್ರಕ್ಕಿಂತ ಈ ಒಂದು ನಿಯಮದಲ್ಲಿ ನನಗೆ ಹೆಚ್ಚು ನಂಬಿಕೆ, ಏಕೆಂದರೆ ಇಲ್ಲಿ ದೊಡ್ಡವರಿಗೆ ಸಣ್ಣವರ ಮಾಲು ಬೇಕೇಬೇಕು.

ಆದರೂ ಇವೆಲ್ಲ ದೊಡ್ಡ ಕಂಪನಿಗಳ ಕಥೆ. ಬೀಡಿಯ ಪೇಟೆಯಲ್ಲಿ ಅವುಗಳ ಪಾಕೀಟಿನ ಪಕ್ಕದಲ್ಲೇ ಹೆಸರೇ ಕೇಳಿರದ ಬ್ರ್ಯಾಂಡುಗಳು ತೂಗುತ್ತವೆ: ಹತ್ತಿರದ ಊರುಗಳಲ್ಲೇ ತಯಾರಾದ ಚುರುಮುರಿ, ಶೇವು, ಫರಾಳದ ಪಾಕೀಟು, ಬೇಕರಿಯ ಟೋಸ್ಟು, ಸ್ಥಳೀಯ ನೀರಿನ ಬಾಟಲಿ. ಬೆಳಗಾವಿಯ ಕುಂದಾ, ಗೋಕಾಕಿನ ಕರದಂಟು ಕೂಡ ಈಗ ಪ್ಲಾಸ್ಟಿಕ್ ಡಬ್ಬಿಯ ಹೊರತು ಊರು ಬಿಡುವುದಿಲ್ಲ. ಬ್ರ್ಯಾಂಡಿನ ಮಾಲೀಕ ಕಿರು ಅಥವಾ ಸಣ್ಣ ಉದ್ದಿಮೆಯಾಗಿದ್ದರೆ ಅವನಿಗೆ ಇಪಿಆರ್ ತಗಲುವುದೇ ಇಲ್ಲ. ಕಾನೂನು ಕೈಬಿಟ್ಟ ಈ ಜಾಗದಲ್ಲೇ ಸಣ್ಣ ಕಸದ ಕಂಪನಿಗೆ ನಿಜವಾದ ಕೆಲಸವಿದೆ, ಅದನ್ನು ಯಾರೂ ಮಾಡುತ್ತಿಲ್ಲ ಎಂಬುದು ನನ್ನ ಮುಖ್ಯ ತಕರಾರು. ಮುಂಬೈಯ ಕಂಪನಿಯ ಬಾಗಿಲಿಗೆ ಖಾನಾಪುರದ ಗುಜರಿಯವರು ಹೋಗಲಾರರು. ಫರಾಳದವನ ಬಾಗಿಲಿಗೆ ಸೈಕಲ್ಲಿನಲ್ಲಿ ಹೋಗಬಹುದು; ಅವನ ಹಳೆಯ ಎಣ್ಣೆ ಡಬ್ಬಿ, ರಟ್ಟು, ಹಿಟ್ಟಿನ ಚೀಲ ಕೊಳ್ಳುವವರೂ ಇವರೇ. ಡಬ್ಬಿಯ ಲೆಕ್ಕ ಮುಗಿಸುವಾಗಲೇ, ನಿಮ್ಮ ಈ ಮಿರುಗುವ ಪಾಕೀಟು ನಮಗೆ ಬೇಡವಾಗಿದೆ, ಬರೀ ಪಿಪಿ ಹಾಳೆಯದಾದರೆ ಕಿಲೊಗೆ ಇಷ್ಟು ಕೊಡುತ್ತೇವೆ ಎಂದು ಹೇಳಬಹುದು. ರೋಲ್ ಆರಿಸುವವನು ಫರಾಳದವನೇ, ಯಾವ ವಿನ್ಯಾಸ ವಿಭಾಗವೂ ಅಲ್ಲ.

ಇಲ್ಲಿ ಅವನ ಮಾತನ್ನೂ ಕೇಳಬೇಕು. ಖಾನಾಪುರದ ಮಳೆಗಾಲ ಕಂಡವರಿಗೆ ಗೊತ್ತು, ಜೂನ್ ದಾಟಿದ ಮೇಲೆ ಗೋಡೆ ಬೆವರುತ್ತದೆ, ಉಪ್ಪು ನೀರಾಗುತ್ತದೆ. ಒಂದೇ ಪದರದ ಹಾಳೆಯಲ್ಲಿ ಕಟ್ಟಿದ ಶೇವು ಬೇಗ ಮೆತ್ತಗಾಗುತ್ತದೆ, ಅಂಗಡಿಯವನು ವಾಪಸು ಕಳಿಸುತ್ತಾನೆ. ಬಹುಪದರದ ಪಾಕೀಟು ಸುಮ್ಮನೆ ಹುಟ್ಟಿದ್ದಲ್ಲ. ಆದರೆ ಎರಡು ದಿನದಲ್ಲಿ ಖರ್ಚಾಗುವ ಬ್ರೆಡ್ಡಿಗೆ, ವಾರದೊಳಗೆ ಮುಗಿಯುವ ಚುರುಮುರಿಗೆ, ಒಣಗಿದ ಕಾಳಿಗೆ, ಬೆಲ್ಲಕ್ಕೆ ಆರು ತಿಂಗಳ ರಕ್ಷಣೆ ಯಾಕೆ ಬೇಕು? ಒಂದೊಂದು ಸಾಮಾನಿಗೂ ಈ ಪ್ರಶ್ನೆ ಬೇರೆ. ಪ್ಲಾಸ್ಟಿಕ್ ಬೇಡ ಎಂಬ ಸಾರಾಸಗಟು ಘೋಷಣೆಗಿಂತ ಇಂಥ ಚಿಲ್ಲರೆ ಮಾತುಕತೆಯಿಂದ ಹೆಚ್ಚು ಪಾಕೀಟು ಬದಲಾಗುತ್ತವೆ. ಘೋಷಣೆಯ ಗತಿ ನೋಡಿದ್ದೇವೆ: 2016ರ ಮಾರ್ಚ್ 11ರಂದು ಕರ್ನಾಟಕ ಕೈಚೀಲ, ತಟ್ಟೆ, ಲೋಟ, ಬ್ಯಾನರು ಎಲ್ಲವನ್ನೂ ಒಟ್ಟಿಗೆ ನಿಷೇಧಿಸಿತು, ಸಂತೆಯಲ್ಲಿ ತೆಳು ಕ್ಯಾರಿಬ್ಯಾಗಿಗೆ ಇವತ್ತಿಗೂ ಬರವಿಲ್ಲ.

ಪರ್ಯಾಯವೆಂದು ಮಾರಾಟವಾಗುವ ‘ಮಣ್ಣಲ್ಲಿ ಕರಗುವ’ ಚೀಲದ ಬಗ್ಗೆ ನನಗೆ ಹೆಚ್ಚು ಗೌರವವಿಲ್ಲ. ಅದು ಕರಗುವುದು ಶಾಖ, ತೇವ ಹದವಾಗಿರುವ ಕಾಂಪೋಸ್ಟ್ ಘಟಕದಲ್ಲಿ, ತಿಪ್ಪೆಯಲ್ಲಿ ಅಲ್ಲ. ನೋಡಲು ಪ್ಲಾಸ್ಟಿಕ್ಕಿನಂತೆಯೇ ಇರುವುದರಿಂದ ಎಲ್‌ಡಿ ರಾಶಿಗೆ ಸೇರಿ ಅದನ್ನೂ ಕೆಡಿಸುತ್ತದೆ. ಕಾಗದದ ಲೋಟದ ಒಳಮೈಗೂ ಪ್ಲಾಸ್ಟಿಕ್ ಪೊರೆ ಇದೆ, ಕಾಗದದ ಗಿರಣಿಯವರು ಅದನ್ನು ಬೇಡವೆನ್ನುತ್ತಾರೆ. ನಿಜವಾದ ಪರ್ಯಾಯಕ್ಕೆ ದೂರ ಹೋಗಬೇಕಿಲ್ಲ: ಖಾನಾಪುರದಲ್ಲೇ ಖಾದಿ ಆಯೋಗದ ಕೇಂದ್ರ ಗ್ರಾಮೀಣ ಕುಂಬಾರಿಕೆ ಸಂಸ್ಥೆ ಇದೆ. ಹೆಂಚಿಗೆ, ಮಡಕೆಗೆ ಹೆಸರಾದ ಮಣ್ಣು ಇದೆ. ಚಹಾದ ಅಂಗಡಿಗೂ ಮೊಸರಿನ ಕುಡಿಕೆಗೂ ಆ ಮಣ್ಣು ಸಾಲುತ್ತದೆ. ಮದುವೆಯ ಊಟಕ್ಕೆ ಮುತ್ತುಗದ ಎಲೆಯ ಪತ್ರಾವಳಿ ಈ ಸೀಮೆಗೆ ಹೊಸದೂ ಅಲ್ಲ. ಇವುಗಳನ್ನು ಕರಕುಶಲ ಮೇಳದ ಮಳಿಗೆಯಲ್ಲಿ ಕೂರಿಸಿದ್ದು ನಾವು. ಕಸ ಎತ್ತುವ ಒಕ್ಕೂಟವೇ ಇವನ್ನು ಬಾಡಿಗೆಗೋ ಸಗಟಿಗೋ ಮದುವೆ ಮನೆಗೆ ಒದಗಿಸಿದರೆ, ಸ್ಟೀಲ್ ತಟ್ಟೆ-ಲೋಟದ ಸೆಟ್ಟನ್ನು ಬಾಡಿಗೆಗೆ ಕೊಟ್ಟರೆ, ಮರುದಿನ ಥರ್ಮಾಕೋಲಿನ ಗುಡ್ಡೆ ಎತ್ತುವ ಕೂಲಿಯಾದರೂ ಉಳಿಯುತ್ತದೆ.

ಕಸದ ಕಂಪನಿಗಳನ್ನು ಬರೀ ಹೊಗಳುವುದೂ ಸರಿಯಲ್ಲ. ಅವುಗಳ ಬಳಿ ಬೇಕಾದ ಲೆಕ್ಕ ಇರುವುದಿಲ್ಲ. ಎಷ್ಟು ಚೀಲ ಬಂತು, ಎಷ್ಟಕ್ಕೆ ಹೋಯಿತು ಎಂಬುದು ಇರುತ್ತದೆ. ತಿರಸ್ಕರಿಸಿದ ರಾಶಿಯಲ್ಲಿ ಯಾರ ಪಾಕೀಟು ಎಷ್ಟು ಎಂಬುದು ಇರುವುದಿಲ್ಲ. ಆ ರಾಶಿಯನ್ನು ತಿಂಗಳಿಗೊಮ್ಮೆಯಾದರೂ ಹರಡಿ, ಬ್ರ್ಯಾಂಡಿನ ಹೆಸರಿನ ಪ್ರಕಾರ ಎಣಿಸಿ, ಪಂಚಾಯಿತಿಯ ಗೋಡೆಗೆ ಅಂಟಿಸಿದರೆ ಅದೊಂದು ದಾಖಲೆ. ಇಂಥ ಎಣಿಕೆ ಬೆಂಗಳೂರಿನ ಸ್ವಯಂಸೇವಕರು ಮಾಡಿದ್ದುಂಟು, ಹಳ್ಳಿಗೆ ಅದು ಬರಲಿಲ್ಲ. ಮಾಲಿನ ಗುಣಮಟ್ಟವೂ ಹಾಗೆಯೇ: ತೂಕ ಹೆಚ್ಚಲೆಂದು ಒದ್ದೆ ಮಾಲು ಸೇರಿಸುವ, ಬೇಲಿನ ನಡುವೆ ಕಲ್ಲು-ಮಣ್ಣು ತುಂಬುವ ಚಟ ಈ ವ್ಯಾಪಾರದಲ್ಲಿ ಹಳೆಯದು. ಅಂಥ ಬೇಲಿನಿಂದ ಬಾಟಲಿಗೆ ಬೇಕಾದ ದಾಣಾ ಬರುವುದಿಲ್ಲ, ಪ್ಯಾಕಿಂಗ್ ಮಾಡುವವನು ಹೊಸ ಪ್ಲಾಸ್ಟಿಕ್ಕಿಗೇ ಮರಳುತ್ತಾನೆ. ಕೈಗವಸಿಲ್ಲದೆ, ದಿನಗೂಲಿಯ ಭರವಸೆಯೂ ಇಲ್ಲದೆ ಬೇರ್ಪಡಿಸುವ ಹೆಂಗಸರಿಂದ ಅಷ್ಟು ನಾಜೂಕನ್ನು ಕೇಳುವ ಹಕ್ಕೂ ಮಾಲೀಕರಿಗಿಲ್ಲ.

ಪಾನ್ ಮಸಾಲೆಯ ಚೀಟಿಯ ಕಥೆಯನ್ನು ಇಲ್ಲಿ ಮರೆಯಬಾರದು. ಸುಪ್ರೀಂ ಕೋರ್ಟಿನ ಆದೇಶದಂತೆ 2011ರ ಮಾರ್ಚಿನಿಂದ ಗುಟ್ಕಾ, ಪಾನ್ ಮಸಾಲೆಗೆ ಪ್ಲಾಸ್ಟಿಕ್ ಚೀಟಿ ನಿಂತಿತು. ಕಾಗದದ ಚೀಟಿ ಬಂತು, ಅದರ ಒಳಗೂ ಪದರಗಳು ಬಂದವು. 2013ರಲ್ಲಿ ಕರ್ನಾಟಕ ಗುಟ್ಕಾವನ್ನೇ ನಿಷೇಧಿಸಿದಾಗ ಮಸಾಲೆಯದೊಂದು, ತಂಬಾಕಿನದೊಂದು ಎಂದು ಜೋಡಿ ಚೀಟಿ ಬಂದವು. ಒಂದಿದ್ದ ಕಸ ಎರಡಾಯಿತು. ನಿಷೇಧವಾದಾಗ ತಯಾರಕರು ಹೊಸ ಚೀಟಿ ಹುಡುಕಿದರು. ಆ ಚೀಟಿಗೆ ಕೈಯಲ್ಲಿ ಹಿಡಿದು ತಂದುಕೊಡುವಷ್ಟು ಬೆಲೆ ಮಾತ್ರ ಯಾವ ಆದೇಶದಿಂದಲೂ ಬರಲಿಲ್ಲ.

ಬೆಲೆ ಕಟ್ಟಿದರೆ ಏನಾಗುತ್ತದೆ ಎಂಬುದನ್ನು ನೀಲಗಿರಿ ತೋರಿಸಿದೆ. ಮದ್ರಾಸ್ ಹೈಕೋರ್ಟಿನ ಸೂಚನೆಯಂತೆ 2022ರಲ್ಲಿ ಅಲ್ಲಿನ ಸರ್ಕಾರಿ ಮದ್ಯದಂಗಡಿಗಳು ಬಾಟಲಿಗೆ 10 ರೂಪಾಯಿ ಹೆಚ್ಚು ತೆಗೆದುಕೊಂಡು, ಖಾಲಿ ಬಾಟಲಿ ತಂದಾಗ ಮರಳಿಸತೊಡಗಿದವು. ಕಾಡಿನಲ್ಲಿ ಒಡೆದು ಬಿದ್ದು ಆನೆಯ ಕಾಲು ಸೀಳುತ್ತಿದ್ದ ಗಾಜು ಅಂಗಡಿಗೆ ವಾಪಸು ಬಂತು. ಭೀಮಗಡ ಅಭಯಾರಣ್ಯ ಇರುವ ಖಾನಾಪುರಕ್ಕೆ ಇದು ದೂರದ ಸುದ್ದಿಯಲ್ಲ. ಇನ್ನೂ ಹತ್ತಿರದ ಸುದ್ದಿ ಗೋವಾದಿಂದ ಬಂದಿದೆ: 2024ರಲ್ಲಿ ಆ ರಾಜ್ಯ ಪ್ಯಾಕಿಂಗಿಗೇ ಠೇವಣಿ ಕಟ್ಟಿಸುವ ಯೋಜನೆಯ ಅಧಿಸೂಚನೆ ಹೊರಡಿಸಿದೆ. ಪಾಕೀಟು ಕೊಳ್ಳುವಾಗ ಠೇವಣಿ, ಖಾಲಿ ಮರಳಿಸಿದರೆ ಹಣ ವಾಪಸು. ಕಣಕುಂಬಿ ದಾಟಿ ಚೋರ್ಲಾ ಘಟ್ಟ ಇಳಿದರೆ ಗೋವಾ. ಗಡಿಯ ಆ ಕಡೆ ಒಂದು ಬಾಟಲಿಗೆ ಠೇವಣಿ ಇದ್ದು ಈ ಕಡೆ ಇಲ್ಲದೆ ಹೋದರೆ, ಯಾವ ಬಾಟಲಿ ಎಲ್ಲಿಂದ ಬಂತು ಎಂದು ಗುರುತು ಹಿಡಿಯುವ, ಎಣಿಸುವ, ಬೇರೆ ಇಡುವ ಕೆಲಸ ಮೊದಲು ಬೀಳುವುದು ಜಾಂಬೋಟಿ, ಖಾನಾಪುರ, ಬೀಡಿಯ ಗುಜರಿ ಅಂಗಡಿಗಳ ಮೇಲೆ. ಆ ಎಣಿಕೆಗೆ ಕಿಲೊ ಲೆಕ್ಕ ಸಾಲುವುದಿಲ್ಲ. ಒಂದೊಂದು ಬಾಟಲಿಗೂ ಇಷ್ಟು ಎಂದು ಕೂಲಿ ಕೇಳಬೇಕಾಗುತ್ತದೆ, ಅದನ್ನು ಬೆಳಗಾವಿಯ ಅಧಿಕಾರಿಗಳ ಮುಂದೆ ಈಗಲೇ ಇಡಬೇಕಾಗುತ್ತದೆ.